ಅಳುವ ತುಣುಕು ಮಾತ್ರ ಏಕೆ ಹರಿದಾಡುತ್ತದೆ? ಜಾನಿ ಲಿವರ್ ಹೇಳಿಕೊಂಡ ಬದುಕಿನ ಬಗ್ಗೆ ಒಂದು ಚರ್ಚೆ

ದೋಆಬಿನವ (ರಾಯಚೂರು)

ಕಳೆದ ಭಾನುವಾರ ರಾತ್ರಿ ಊಟ ಮುಗಿಸಿ ಕೂತಿದ್ದಾಗ ಅಕ್ಕನ ಮಗ ತನ್ನ ಮೊಬೈಲನ್ನು ಟಿ.ವಿ.ಗೆ ಜೋಡಿಸಿ, ಹಿಂದಿ ಹಾಸ್ಯನಟ ಜಾನಿ ಲಿವರ್ ತಮ್ಮ ಬದುಕಿನ ಬಗ್ಗೆ ಮಾತಾಡಿದ ಹಳೆಯ ಸಂದರ್ಶನವೊಂದನ್ನು ಹಾಕಿದ. ಇಂಥ ಮಾತುಕತೆಗಳಲ್ಲಿ ಅವರು ಏನನ್ನೂ ಮುಚ್ಚಿಡುವವರಲ್ಲ. 1957ರಲ್ಲಿ ಆಂಧ್ರದ ಕನಿಗಿರಿಯ ತೆಲುಗು ಕ್ರೈಸ್ತ ಕುಟುಂಬದಲ್ಲಿ ಹುಟ್ಟಿದ್ದು, ಮುಂಬೈಯ ಧಾರಾವಿ, ಕಿಂಗ್ಸ್ ಸರ್ಕಲ್ ಕಡೆಯ ಬಡ ಓಣಿಗಳಲ್ಲಿ ಬೆಳೆದದ್ದು, ಕುಡಿತಕ್ಕೆ ಬಿದ್ದ ತಂದೆ, ಏಳನೆಯ ತರಗತಿಗೆ ನಿಂತುಹೋದ ಓದು, ಮುಂದೆ ಹೆಸರು, ಹಣ ಎರಡೂ ಕೈಗೆ ಬಂದ ಮೇಲೆ ಮಗನ ಕೊರಳಲ್ಲಿ ಕಾಣಿಸಿಕೊಂಡ ಗಡ್ಡೆ, ಆಗ ತಮ್ಮೊಳಗೆ ಆದ ಬದಲಾವಣೆ, ಇವೆಲ್ಲವನ್ನೂ ಅವರು ಹಲವು ಸಂದರ್ಶನಗಳಲ್ಲಿ ತಾವೇ ಹೇಳಿಕೊಂಡಿದ್ದಾರೆ.

ನಮ್ಮ ಮನೆಯ ಮಾತು ತೆಲುಗು. ಅಮ್ಮ ಮೊರದಲ್ಲಿ ಶೇಂಗಾ ಹಾಕಿಕೊಂಡು ಸುಲಿಯುತ್ತ ಕೂತಿದ್ದಳು. ತಂದೆಯ ಕುಡಿತದ ಮಾತು ಬಂದಾಗ ಅವಳ ಕೈ ನಿಲ್ಲಲಿಲ್ಲ. ಅದೇನು ಹೊಸದು ಎಂಬಂತೆ ಸಿಪ್ಪೆಯನ್ನು ಬದಿಗೆ ಸರಿಸಿದಳು. ಆದರೆ ಆ ಹುಡುಗ ಮುಂಬೈಯ ಬೀದಿಯಲ್ಲಿ ನಿಂತು, ಸಿನಿಮಾ ನಟರ ದನಿಗಳನ್ನು ಒಂದೊಂದಾಗಿ ತೆಗೆದು, ಆ ದನಿಯಲ್ಲಿ ಪೆನ್ನು ಮಾರುತ್ತಿದ್ದನೆಂಬ ಮಾತು ಬಂದಾಗ ಅವಳು ಸುಲಿಯುವುದನ್ನು ಬಿಟ್ಟು ತಲೆಯೆತ್ತಿದಳು. ಅನುಕರಣೆ ಶುರುವಾದ ಮೇಲೆ ವ್ಯಾಪಾರ ಏರಿತಂತೆ. ‘ಹಾಗಾದರೆ ಜನ ಪೆನ್ನಿಗೆ ದುಡ್ಡು ಕೊಟ್ಟರೋ, ದನಿಗೆ ಕೊಟ್ಟರೋ’ ಎಂದು ಕೇಳಿದಳು. ಸಂದರ್ಶನ ಮಾಡುವವರು ಕೇಳಬೇಕಾಗಿದ್ದ ಪ್ರಶ್ನೆ ಅದು ಎಂದು ನನಗೆ ಅನ್ನಿಸಿತು.

ಮರುದಿನ ಬೆಳಿಗ್ಗೆ ಅಕ್ಕನ ಮಗ ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ ಒಂದು ತುಣುಕನ್ನು ಕಳಿಸಿದ್ದ. ಅದರಲ್ಲಿ ತಂದೆಯ ಕುಡಿತವಿತ್ತು, ಮಗನ ಕಾಯಿಲೆಯಿತ್ತು, ಯಾರೋ ಹಿಂದಿನಿಂದ ಸೇರಿಸಿದ ಪಿಟೀಲಿನ ರಾಗವೂ ಇತ್ತು. ಪೆನ್ನು ಮಾರಿದ ಮಾತು ಇರಲಿಲ್ಲ. ತಂದೆ ದುಡಿಯುತ್ತಿದ್ದ ಹಿಂದೂಸ್ತಾನ್ ಲಿವರ್ ಕಾರ್ಖಾನೆಯಲ್ಲಿ ತಾವೂ ಕೂಲಿಯಾಗಿ ಸೇರಿದ್ದು, ಅಲ್ಲಿನ ಕಾರ್ಮಿಕ ಸಂಘದ ಕಾರ್ಯಕ್ರಮದಲ್ಲಿ ಮೇಲಧಿಕಾರಿಗಳ ನಡೆನುಡಿಯನ್ನು ಅನುಕರಿಸಿ ತೋರಿಸಿದ್ದು, ಅಂದಿನಿಂದ ಜತೆಗಾರರೇ ‘ಜಾನಿ ಲಿವರ್’ ಎಂದು ಹೆಸರಿಟ್ಟದ್ದು, ಮುಂದೆ ಕಲ್ಯಾಣ್‌ಜಿ–ಆನಂದ್‌ಜಿ ಅವರ ಸಂಗೀತ ಕಾರ್ಯಕ್ರಮಗಳಲ್ಲಿ ಊರೂರು ತಿರುಗಿದ್ದು, ಸುನಿಲ್ ದತ್ತ್ ಅವರು ಸಿನಿಮಾದಲ್ಲಿ ಅವಕಾಶ ಕೊಟ್ಟದ್ದು, ಇದಾವುದೂ ಅದರಲ್ಲಿ ಇರಲಿಲ್ಲ. ಒಬ್ಬ ಮನುಷ್ಯ ತನ್ನ ಕೆಲಸವನ್ನು ಹೇಗೆ ಕಲಿತೆನೆಂದು ಹೇಳುವ ಭಾಗವನ್ನು ಕತ್ತರಿಸಿ ಎಸೆದು, ಅವನು ಕಣ್ಣೊರೆಸಿಕೊಳ್ಳುವ ಭಾಗವನ್ನು ಮಾತ್ರ ಎಲ್ಲರಿಗೂ ಹಂಚುವುದು ನನಗೆ ಸರಿಕಾಣುತ್ತಿಲ್ಲ. ‘ನಗುವಿನ ಹಿಂದೆ ನೋವು’ ಎಂಬ ಶೀರ್ಷಿಕೆ ಇಟ್ಟರೆ ಎಲ್ಲ ಹಾಸ್ಯಗಾರರ ಬದುಕೂ ಒಂದೇ ಅಚ್ಚಿನ ಇಟ್ಟಿಗೆಯಾಗುತ್ತದೆ. ಈ ವೇದಿಕೆಯಲ್ಲಿ ನಾಟಕ, ಬಯಲಾಟ ನೋಡಿ ಬೆಳೆದವರು ಇದ್ದೀರಿ. ನಿಮ್ಮ ಅಭಿಪ್ರಾಯ ತಿಳಿಸಬೇಕೆಂದು ಕೋರುತ್ತೇನೆ.

ನಿವೃತ್ತ ಫಿಟ್ಟರ್

ದೋಆಬಿನವರೇ, ಕಾರ್ಮಿಕ ಸಂಘದ ಕಾರ್ಯಕ್ರಮದ ವಿಷಯ ಎತ್ತಿದ್ದಕ್ಕೆ ಬರೆಯುತ್ತಿದ್ದೇನೆ, ಇಲ್ಲವಾದರೆ ನಾನು ಓದಿ ಸುಮ್ಮನಿರುವವನು. ನಾನು ದುಡಿದ ಕಾರ್ಖಾನೆಯ ಹೆಸರು ಇಲ್ಲಿ ಬೇಡ. ಅಲ್ಲಿ ಆಯುಧಪೂಜೆಯ ದಿನ ಯಂತ್ರಗಳಿಗೆ ಕುಂಕುಮ ಹಚ್ಚಿ, ಕುಂಬಳಕಾಯಿ ಒಡೆದು, ಸಂಜೆ ಶೆಡ್ಡಿನೊಳಗೆ ಹಲಗೆಗಳನ್ನು ಜೋಡಿಸಿ ಕಾರ್ಯಕ್ರಮ ಮಾಡುತ್ತಿದ್ದೆವು. ನಮ್ಮ ವಿಭಾಗದಲ್ಲಿ ಒಬ್ಬ ಹೆಲ್ಪರ್ ಇದ್ದ. ಮಾತು ಕಡಿಮೆ, ಕೆಲಸದಲ್ಲಿ ಚುರುಕು. ಒಂದು ವರ್ಷ ಅವನು ಹಲಗೆ ಹತ್ತಿ, ನಮ್ಮ ಶಿಫ್ಟಿನ ಸಾಹೇಬರು ಒಳಗೆ ಬರುವ ರೀತಿಯನ್ನು ತೋರಿಸಿದ. ಅವರು ಬೈಯುವುದಕ್ಕೆ ಮುಂಚೆ ಒಂದು ಸಲ ಕೆಮ್ಮುತ್ತಿದ್ದರು, ಅದೂ ಪೂರ್ತಿ ಕೆಮ್ಮಲ್ಲ, ಗಂಟಲಲ್ಲೇ ತಿರುಗಿ ಒಳಗೆ ಹೋಗುವ ಕೆಮ್ಮು. ಆಮೇಲೆ ಎಡಗೈಯಿಂದ ಪ್ಯಾಂಟಿನ ಬೆಲ್ಟನ್ನು ಮೇಲಕ್ಕೆ ಎಳೆದುಕೊಂಡು, ಯಾರ ಮುಖವನ್ನೂ ನೋಡದೆ, ಛಾವಣಿಯ ಕಡೆ ನೋಡಿ ಮಾತು ಶುರುಮಾಡುತ್ತಿದ್ದರು. ಹುಡುಗ ಆ ಕೆಮ್ಮು ಕೆಮ್ಮಿದ ಕೂಡಲೇ ಹಿಂದಿನ ಸಾಲಿನಲ್ಲಿ ಬೀಡಿ ಹಿಡಿದಿದ್ದ ಇಬ್ಬರು ಅದನ್ನು ನೆಲಕ್ಕೆ ಹಾಕಿ ಕಾಲಿನಿಂದ ಒರೆಸಿದರು. ನಗು ಬಂದದ್ದು ಅದಾದ ಮೇಲೆ.

ಸಾಹೇಬರು ಮುಂದಿನ ಸಾಲಿನಲ್ಲೇ ಕೂತಿದ್ದರು. ಅವರು ನಗಲೂ ಇಲ್ಲ, ಏಳಲೂ ಇಲ್ಲ. ಮುಂದಿನ ಮೂರು ತಿಂಗಳು ಆ ಹುಡುಗನಿಗೆ ರಾತ್ರಿ ಪಾಳಿ ಬಿತ್ತು. ಅದಕ್ಕೂ ಇದಕ್ಕೂ ಸಂಬಂಧವಿತ್ತೆಂದು ಯಾರೂ ಹೇಳಲಿಲ್ಲ, ಇಲ್ಲವೆಂದೂ ಯಾರೂ ಹೇಳಲಿಲ್ಲ. ಜಾನಿ ಲಿವರ್ ಅವರ ಮಾತಿನಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಇದೇ. ಕೂಲಿ ಕೆಲಸದವನೊಬ್ಬ ಅಧಿಕಾರಿಗಳು ಎದುರಿಗಿರುವಾಗಲೇ ಅವರನ್ನು ಅನುಕರಿಸುವುದೆಂದರೆ ಅನ್ನದ ತಟ್ಟೆಯನ್ನು ಪಣಕ್ಕೆ ಇಟ್ಟ ಹಾಗೆ. ಅಲ್ಲಿ ಬೇಕಾದದ್ದು ದುಃಖವಲ್ಲ, ಗುಂಡಿಗೆ.

ಸಿಂಧನೂರಿನವಳು

ಇಬ್ಬರು ಅಣ್ಣಂದಿರೂ ಬರೆದದ್ದನ್ನು ಓದಿದೆ. ನಾನು ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದೇನೆ, ವಾರ್ಡಿನಲ್ಲಿ ರಾತ್ರಿ ಹೊತ್ತು ಇದನ್ನು ಬರೆಯುತ್ತಿದ್ದೇನೆ, ಆದ್ದರಿಂದ ಮಾತು ಅಲ್ಲಲ್ಲಿ ತುಂಡಾಗಿದ್ದರೆ ಕ್ಷಮಿಸಬೇಕು. ಕುಡಿಯುವ ತಂದೆಯ ಮನೆಯಲ್ಲಿ ಬೆಳೆದವಳು ನಾನು. ದೋಆಬಿನ ಅಣ್ಣನವರು ‘ಅಳುವ ಭಾಗ’ ಎಂದು ಯಾವುದನ್ನು ಕರೆದರೋ ಅದನ್ನು ನಾನು ಮೂರು ಸಲ ಹಿಂದಕ್ಕೆ ತಿರುಗಿಸಿ ನೋಡಿದ್ದೇನೆ. ಪೆನ್ನು ಮಾರಿದ ಮಾತು ನನಗೆ ಬೇಕಾಗಿರಲಿಲ್ಲ. ಸಂಜೆ ಏಳರ ನಂತರ ಬಾಗಿಲ ಕಡೆಗೆ ಕಿವಿ ಇಟ್ಟುಕೊಂಡು ಕೂರುವುದು, ಚಪ್ಪಲಿ ಬಿಡುವ ಸದ್ದಿನಲ್ಲೇ ಇವತ್ತು ಎಷ್ಟಾಗಿದೆ ಎಂದು ತಿಳಿದುಕೊಳ್ಳುವುದು, ತಮ್ಮನಿಗೆ ಬೇಗ ಉಣಿಸಿ ಮಲಗಿಸಿಬಿಡುವುದು, ಇವು ನಮ್ಮಂಥ ಮನೆಗಳಲ್ಲಿ ಯಾರೂ ಹೇಳದ ಮಾತುಗಳು. ದೇಶಕ್ಕೆಲ್ಲ ಗೊತ್ತಿರುವ ಒಬ್ಬರು ಟಿ.ವಿ.ಯಲ್ಲಿ ಕೂತು ‘ನನ್ನ ತಂದೆ ಕುಡಿಯುತ್ತಿದ್ದರು’ ಎಂದಾಗ ನನ್ನ ಬೆನ್ನಿನ ಮೇಲಿದ್ದ ಏನೋ ಸ್ವಲ್ಪ ಕೆಳಗಿಳಿಯಿತು.

ಆದ್ದರಿಂದ ಆ ತುಣುಕನ್ನು ಹಂಚಿದ ಹುಡುಗನನ್ನು ಬೈಯಬೇಡಿ. ಪಿಟೀಲನ್ನು ಬೈಯಿರಿ, ಅದಕ್ಕೆ ನನ್ನದೇನೂ ತಕರಾರಿಲ್ಲ.

ದೋಆಬಿನವ (ರಾಯಚೂರು)

ಅಕ್ಕನವರೇ, ನಿಮ್ಮ ಮಾತಿಗೆ ನನ್ನಲ್ಲಿ ಎದುರುತ್ತರವಿಲ್ಲ. ಕುಡಿತದ ಮಾತನ್ನು ಅವರು ಹೇಳಬಾರದಿತ್ತು ಎಂದು ನಾನು ಬರೆದಿದ್ದೇನೆಂದು ಅನ್ನಿಸಿದ್ದರೆ ಅದು ನನ್ನ ಬರವಣಿಗೆಯ ದೋಷ. ಹೇಳಲಿ, ಪೂರ್ತಿ ಹೇಳಲಿ. ನನ್ನ ತಕರಾರು ಕೇಳುವವರ ಮೇಲೆ, ಅದರಲ್ಲೂ ಕುಡಿತದ ಪಕ್ಕದಲ್ಲಿ ಹಾಸ್ಯವನ್ನು ನಿಲ್ಲಿಸಿ, ಮೊದಲನೆಯದರಿಂದಲೇ ಎರಡನೆಯದು ಹುಟ್ಟಿತೆಂದು ತಾವೇ ತೀರ್ಪು ಕೊಟ್ಟುಬಿಡುವವರ ಮೇಲೆ. ಕುಡಿಯುವ ತಂದೆಯರ ಮಕ್ಕಳೆಲ್ಲ ಹಾಸ್ಯನಟರಾಗುವುದಾಗಿದ್ದರೆ ನಮ್ಮ ಜಿಲ್ಲೆಯಲ್ಲಿ ಪ್ರೇಕ್ಷಕರೇ ಉಳಿಯುತ್ತಿರಲಿಲ್ಲ.

ಬಳ್ಳಾರಿ ಬಯಲು

ನನಗೆ ಈ ‘ಬಿಚ್ಚುಮನಸ್ಸಿನ ಮಾತು’ ಎಂಬುದರ ಮೇಲೆಯೇ ಅನುಮಾನ. ನಟನಾದವನು ಕ್ಯಾಮೆರಾ ಮುಂದೆ ಕೂತ ಮೇಲೆ ಅದು ನಟನೆಯ ಜಾಗವೇ. ಒಂದೇ ಘಟನೆಯನ್ನು ಹತ್ತು ವಾಹಿನಿಗಳಲ್ಲಿ ಹೇಳಿದವನಿಗೆ ಎಲ್ಲಿ ನಿಲ್ಲಿಸಬೇಕು, ಎಲ್ಲಿ ದನಿ ತಗ್ಗಿಸಬೇಕು ಎಂಬುದು ತಾನಾಗಿ ಕೂತುಬಿಡುತ್ತದೆ. ಅದು ಸುಳ್ಳೆಂದು ನಾನು ಹೇಳುತ್ತಿಲ್ಲ. ಆದರೆ ಹಾಡಿ ಹಾಡಿ ಪಳಗಿದ ಪದದ ಹಾಗೆ ಪಳಗಿದ ಸತ್ಯ ಅದು.

ಇನ್ನೊಂದು ಮಾತು. ನಮ್ಮ ದೊಡ್ಡಾಟದಲ್ಲಿ ಸಂದರ್ಶನ ಮಾಡುವವನೇ ಹಾಸ್ಯಗಾರ. ಭುಜಕೀರ್ತಿ, ಕಿರೀಟ ಹೊತ್ತ ರಾಜ ರಂಗವನ್ನೆಲ್ಲ ತುಳಿದು ಕುಣಿದು ನಿಂತ ಮೇಲೆ ಸಾರಥಿ ಬಂದು, ತಾವು ಯಾರು, ಸ್ಥಳ ಯಾವುದು, ನಾಮಾಂಕಿತವೇನು ಎಂದು ವಿಚಾರಿಸುತ್ತಾನೆ. ರಾಜ ತನ್ನ ಬಿರುದುಗಳನ್ನು ಗರ್ಜಿಸುತ್ತ ಹೋದಂತೆ ಸಾರಥಿ ಒಂದೊಂದೇ ಕೊಂಕು ತೆಗೆದು ಗಾಳಿ ಇಳಿಸುತ್ತಾನೆ. ಬೆಳಗಿನ ಜಾವ ಮೂರಕ್ಕೂ ಜನ ಎದ್ದುಹೋಗದಿದ್ದದ್ದು ಆ ಕೊಂಕಿಗಾಗಿ. ನಗಿಸುವವನು ಪ್ರಶ್ನೆ ಕೇಳುವವನಾಗಿದ್ದ ಕಾಲ ಅದು. ಟಿ.ವಿ.ಯಲ್ಲಿ ಅದು ತಿರುವುಮುರುವಾಗಿ, ಗಂಭೀರ ಮುಖದವರು ಪ್ರಶ್ನೆ ಕೇಳುತ್ತಾರೆ, ನಗಿಸುವವನು ಉತ್ತರ ಕೊಟ್ಟು ಅಳುತ್ತಾನೆ. ಸಾರಥಿಯನ್ನು ಯಾರೂ ‘ನಿನ್ನ ಮನೆಯ ಕಥೆ ಏನಪ್ಪಾ’ ಎಂದು ಕೇಳಿದ್ದನ್ನು ನಾನು ನೋಡಿಲ್ಲ.

ಗಂಗಾವತಿ ಶ್ರೋತೃ

ಬಳ್ಳಾರಿಯವರು ಸಾರಥಿಯನ್ನು ನೆನೆದದ್ದು ಚೆನ್ನಾಯಿತು. ಆದರೆ ನಮ್ಮ ಭಾಗದ ಹಾಸ್ಯದ ಮಾತು ಬಂದಾಗ ಬೀಚಿಯವರನ್ನು ಬಿಟ್ಟು ಮುಂದೆ ಹೋಗುವುದು ಹೇಗೆ? ಬೀಚಿ, ಅಂದರೆ ರಾಯಸಂ ಭೀಮಸೇನರಾಯರು, 1913ರಲ್ಲಿ ಹರಪನಹಳ್ಳಿಯಲ್ಲಿ ಹುಟ್ಟಿದವರು. ಆಗ ಬಳ್ಳಾರಿ ಜಿಲ್ಲೆಯಲ್ಲಿದ್ದ ಆ ಊರು ಈಗ ವಿಜಯನಗರ ಜಿಲ್ಲೆಗೆ ಸೇರಿದೆ. ಪೊಲೀಸ್ ಇಲಾಖೆಯಲ್ಲಿ ನೌಕರಿ ಮಾಡಿಕೊಂಡೇ ತಿಮ್ಮನನ್ನು ಸೃಷ್ಟಿಸಿ ಕನ್ನಡಿಗರ ಮನೆಮನೆಗೆ ಕಳಿಸಿದ ಮನುಷ್ಯ. ಹೆಸರನ್ನು ಅರ್ಧ ಕನ್ನಡ, ಅರ್ಧ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಂಡು, ಹೆಸರು ಓದುವಾಗಲೇ ನಗು ಬರುವಂತೆ ಮಾಡಿದವರು.

ಅವರು ತಮ್ಮ ಬದುಕನ್ನು ತಾವೇ ಬರೆದಾಗ ಅದಕ್ಕೆ ಇಟ್ಟ ಹೆಸರು ‘ನನ್ನ ಭಯಾಗ್ರಫಿ’. ಒಂದು ಮಹಾಪ್ರಾಣವನ್ನು ಸೇರಿಸಿದ್ದರಿಂದಲೇ ಆತ್ಮಕಥೆ ಎಂಬ ಗಂಭೀರ ವಸ್ತು ಕಚಗುಳಿ ಇಟ್ಟ ಹಾಗೆ ಅಲುಗಾಡಿತು. ತನ್ನನ್ನು ತಾನು ಹೇಳಿಕೊಳ್ಳುವುದು ಹೆದರಿಕೆಯ ಕೆಲಸ ಎಂಬ ಸತ್ಯ ಅದರಲ್ಲಿದೆ, ಆ ಸತ್ಯವನ್ನು ಹೇಳುವಾಗಲೂ ಓದುಗನ ಕನಿಕರವನ್ನು ಕೇಳಬಾರದೆಂಬ ಹಟವೂ ಇದೆ. ಜಾನಿ ಲಿವರ್ ಅವರ ಮಾತುಕತೆಗೂ ಇದಕ್ಕೂ ನನಗೆ ಕಾಣುವ ವ್ಯತ್ಯಾಸವೆಂದರೆ ಶೀರ್ಷಿಕೆ ಇಡುವ ಅಧಿಕಾರ ಯಾರ ಕೈಯಲ್ಲಿದೆ ಎಂಬುದು. ಬೀಚಿಯವರ ಶೀರ್ಷಿಕೆಯನ್ನು ಬೀಚಿಯವರೇ ಇಟ್ಟರು. ಟಿ.ವಿ.ಯಲ್ಲಿ ಕೂತವನ ಬದುಕಿಗೆ ಶೀರ್ಷಿಕೆ ಇಡುವವರು ವಾಹಿನಿಯವರು, ಅದನ್ನು ಮತ್ತೆ ಕತ್ತರಿಸಿ ಇನ್ನೊಂದು ಶೀರ್ಷಿಕೆ ಇಡುವವರು ನಮ್ಮ ನಿಮ್ಮ ಮನೆಯ ಹುಡುಗರು.

ನಮ್ಮೂರಿನ ಪ್ರಾಣೇಶ್ ಅವರನ್ನು ‘ಅಭಿನವ ಬೀಚಿ’ ಎಂದು ಜನ ಕರೆಯುತ್ತಾರೆ. ನರಸಿಂಹ ಜೋಶಿ, ಬಸವರಾಜ ಮಹಾಮನಿ ಅವರ ಜತೆ ಅವರು ನಡೆಸುವ ಹಾಸ್ಯಸಂಜೆಗಳನ್ನು ಈ ಭಾಗದಲ್ಲಿ ಕೇಳದವರು ಕಡಿಮೆ. ಗಮನಿಸಿ ನೋಡಿ, ಪ್ರಾಣೇಶ್ ಅವರು ವೇದಿಕೆಯ ಮೇಲೆ ಹೇಳುವುದರಲ್ಲಿ ಬಹಳಷ್ಟು ಸ್ವಂತ ಮನೆಯ, ಸ್ವಂತ ಊರಿನ ಮಾತೇ ಇರುತ್ತದೆ. ಅಲ್ಲಿ ಬಡತನ ಬರುತ್ತದೆ, ಆದರೆ ನಗುವ ವೇಷ ಹಾಕಿಕೊಂಡು ಬರುತ್ತದೆ. ಕೇಳಿದವರು ನಗುತ್ತ ಮನೆಗೆ ಹೋಗಿ, ಕೈಕಾಲು ತೊಳೆದು ಊಟಕ್ಕೆ ಕೂತಾಗ ಮಾತಿನೊಳಗಿನ ಬಡತನ ನೆನಪಾಗುತ್ತದೆ. ಬದುಕನ್ನು ಮುಚ್ಚುಮರೆಯಿಲ್ಲದೆ ಹೇಳುವುದಕ್ಕೆ ಹಾಸ್ಯಗಾರನಿಗೆ ಬೇರೆ ಸಂದರ್ಶನವೇ ಬೇಕಿಲ್ಲ, ಅವನ ಕಸುಬೇ ಅದು ಎಂಬುದು ನನ್ನ ಅನಿಸಿಕೆ.

ಸಿರುಗುಪ್ಪದವನು

ಕಸುಬಿನ ಮಾತು ಬಂತಾದ್ದರಿಂದ ಜಾನಿ ಲಿವರ್ ಅವರು ಹೇಳಿಕೊಂಡ ಇನ್ನೆರಡು ಸಂಗತಿಗಳನ್ನು ಸೇರಿಸುತ್ತೇನೆ. 1993ರ ‘ಬಾಜೀಗರ್’ ಚಿತ್ರದಿಂದ ಅವರಿಗೆ ದೊಡ್ಡ ಹೆಸರು ಬಂತು. ಆ ಪಾತ್ರದ ಮಾತುಗಳಲ್ಲಿ ಬಹುಪಾಲು ಬರೆದು ಕೊಟ್ಟದ್ದಲ್ಲ, ಸ್ಥಳದಲ್ಲೇ ತಾವು ಹುಟ್ಟಿಸಿದ್ದು ಎಂದು ಅವರೇ ಹೇಳಿದ್ದಾರೆ. ಅಂದರೆ ನಟನ ಕೂಲಿಯಲ್ಲೇ ಬರಹಗಾರನ ದುಡಿಮೆಯೂ ನಡೆದುಹೋಯಿತು. ಇನ್ನೊಂದು ಸಂಗತಿ ಇದಕ್ಕಿಂತ ಖಾರವಾದದ್ದು. ತಮ್ಮ ದೃಶ್ಯಗಳಿಗೆ ಚಿತ್ರಮಂದಿರದಲ್ಲಿ ಹೆಚ್ಚು ಚಪ್ಪಾಳೆ ಬೀಳುವುದನ್ನು ಕಂಡ ನಾಯಕರು ಕಸಿವಿಸಿಗೊಂಡು ಅವುಗಳಿಗೆ ಕತ್ತರಿ ಹಾಕಿಸುತ್ತಿದ್ದರೆಂದೂ, ಕ್ರಮೇಣ ಹಾಸ್ಯವನ್ನು ನಾಯಕರೇ ತಮ್ಮ ಕೈಗೆ ತೆಗೆದುಕೊಂಡರೆಂದೂ ಅವರು ಹೇಳಿದ್ದಾರೆ. ನಿಜವಾದ ದಿಟ್ಟತನದ ಮಾತು ನನಗೆ ಕಂಡದ್ದು ಇಲ್ಲಿ. ತೀರಿಹೋದ ಬಡತನವನ್ನು ಹೇಳುವುದಕ್ಕಿಂತ, ಈಗಲೂ ತನಗೆ ಕೆಲಸ ಕೊಡುವ ಉದ್ಯಮವನ್ನು ಹೇಳುವುದು ಕಷ್ಟ. ಆ ತುಣುಕು ನಿಮ್ಮಲ್ಲಿ ಯಾರಿಗಾದರೂ ವಾಟ್ಸ್‌ಆ್ಯಪಿನಲ್ಲಿ ಬಂದಿದೆಯೇ?

ನಮ್ಮ ಗಡಿಯ ಊರುಗಳಲ್ಲಿ ತೆಲುಗು ಸಿನಿಮಾ ನೋಡಿ ಬೆಳೆದವರಿಗೆ ಬ್ರಹ್ಮಾನಂದಂ ಅವರ ಕಥೆಯೂ ಗೊತ್ತು. ಸತ್ತೆನಪಲ್ಲಿಯ ಬಡಗಿಯ ಮನೆಯ ಹುಡುಗ, ಅತ್ತಿಲಿಯ ಕಾಲೇಜಿನಲ್ಲಿ ತೆಲುಗು ಪಾಠ ಹೇಳುತ್ತಿದ್ದವರು. 1987ರಲ್ಲಿ ಜಂಧ್ಯಾಲ ಅವರ ಚಿತ್ರದಲ್ಲಿ ಕಾಣಿಸಿಕೊಂಡ ಮೇಲೆ ಹಿಂದಿರುಗಿ ನೋಡಲಿಲ್ಲ, ಬದುಕಿರುವ ನಟರಲ್ಲಿ ಅತಿ ಹೆಚ್ಚು ಚಿತ್ರಗಳಲ್ಲಿ ನಟಿಸಿದವರೆಂದು ಗಿನ್ನೆಸ್ ದಾಖಲೆಗೂ ಸೇರಿದರು. ಅವರ ಮಾತಿನ ಬಿಗುವು, ಒಂದು ಶಬ್ದದ ಮೇಲೆ ನಿಂತು ಮುಂದಿನದಕ್ಕೆ ಹೋಗುವ ಮುಂಚೆ ಮುಖವನ್ನು ಬದಲಿಸುವ ರೀತಿ, ತರಗತಿಯ ಹಿಂದಿನ ಬೆಂಚಿನ ಹುಡುಗರನ್ನು ಹಿಡಿದಿಡಲು ಕಲಿತ ವಿದ್ಯೆಯಂತೆ ನನಗೆ ಕಾಣುತ್ತದೆ. ಇಲ್ಲಿ ಪಿಟೀಲು ಬಾರಿಸುವುದಕ್ಕೆ ಜಾಗವೇ ಇಲ್ಲ.

ಮಾನ್ವಿ ಮಾಸ್ತರ್

ನಾನು ಈ ಚರ್ಚೆಗೆ ತಡವಾಗಿ ಬಂದೆ. ಹಾಸ್ಯನಟನನ್ನು ಟಿ.ವಿ. ಪ್ರಶ್ನಿಸುವುದು ಈಚಿನ ರೂಢಿಯೆಂಬುದನ್ನು ಮರೆಯಬಾರದು. ನರಸಿಂಹರಾಜು ಅವರು ತೀರಿಕೊಂಡದ್ದು 1979ರಲ್ಲಿ, ಬೆಂಗಳೂರಿನಲ್ಲಿ ದೂರದರ್ಶನ ಬಂದದ್ದು 1981ರಲ್ಲಿ. ತಿಪಟೂರಿನಲ್ಲಿ ಹುಟ್ಟಿ, ಚಿಕ್ಕ ವಯಸ್ಸಿನಲ್ಲೇ ನಾಟಕ ಕಂಪನಿ ಸೇರಿ, 1954ರ ‘ಬೇಡರ ಕಣ್ಣಪ್ಪ’ದಿಂದ ಮುಂದಿನ ಕಾಲು ಶತಮಾನ ಕನ್ನಡಿಗರನ್ನು ನಗಿಸಿದ ಆ ಕಲಾವಿದನನ್ನು ಕ್ಯಾಮೆರಾದ ಮುಂದೆ ಕೂರಿಸಿ ಒಂದು ಗಂಟೆ ಮಾತಾಡಿಸುವ ಪದ್ಧತಿಯೇ ಆಗ ಇಲ್ಲಿ ಹುಟ್ಟಿರಲಿಲ್ಲ. ಅವರ ಬದುಕಿನ ದುಃಖದ ಕಥೆಗಳು ಇಂದಿಗೂ ಬಾಯಿಂದ ಬಾಯಿಗೆ ಹೋಗುತ್ತವೆ, ಪ್ರತಿ ಬಾಯಿಯಲ್ಲೂ ಒಂದಿಷ್ಟು ಬೆಳೆಯುತ್ತವೆ. ಸಂದರ್ಶನ ಇಲ್ಲದಿದ್ದರೂ ಪಿಟೀಲನ್ನು ನಾವೇ ಬಾರಿಸಿಕೊಂಡಿದ್ದೇವೆ ಎಂದು ಒಪ್ಪಿಕೊಳ್ಳಬೇಕು. ಆದ್ದರಿಂದ ಜಾನಿ ಲಿವರ್ ಅವರು ತಮ್ಮ ಬಾಯಿಂದಲೇ ಹೇಳಿದ್ದಾರೆಂಬುದು ಸಣ್ಣ ಮಾತಲ್ಲ. ಕತ್ತರಿಸಿದ ತುಣುಕನ್ನು ನೋಡಿ ಬೇಸರಪಟ್ಟವರಿಗೆ ಪೂರ್ತಿ ಸಂದರ್ಶನ ಎಲ್ಲೋ ಒಂದು ಕಡೆ ಸಿಗುತ್ತದೆ. ನರಸಿಂಹರಾಜು ಅವರದು ಎಲ್ಲಿ ಸಿಗುತ್ತದೆ?

ಟಿ.ವಿ.ಯ ಮಾತು ಬಂದದ್ದರಿಂದ ಒಂದು ಸಂಗತಿ, ವಿಷಯದಿಂದ ದೂರ ಹೋದೆನೆಂದು ಅನ್ನಿಸಿದರೆ ಮುದುಕನೆಂದು ಮನ್ನಿಸಿ. ಬೆಂಗಳೂರಿಗಿಂತ ಮೊದಲು ಟಿ.ವಿ. ನೋಡಿದವರು ನಾವು. 1975ರ ಆಗಸ್ಟಿನಿಂದ ಒಂದು ವರ್ಷ, ಅಮೆರಿಕದ ಉಪಗ್ರಹವೊಂದನ್ನು ಬಳಸಿ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಕಾರ್ಯಕ್ರಮ ಬಿತ್ತರಿಸಿದ ಸೈಟ್ ಪ್ರಯೋಗದಲ್ಲಿ ಕರ್ನಾಟಕದಿಂದ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳಿದ್ದವು. ಕೊಪ್ಪಳ ಆಗ ರಾಯಚೂರು ಜಿಲ್ಲೆಯಲ್ಲೇ ಇತ್ತು. ನಮ್ಮ ಹಳ್ಳಿಯ ಶಾಲೆಯ ಮಾಳಿಗೆಯ ಮೇಲೆ ಕೋಳಿಬಲೆಯಂಥ ತಂತಿಯ ದೊಡ್ಡ ಬುಟ್ಟಿಯನ್ನು ಕೂರಿಸಿದ್ದರು. ಸಂಜೆ ಬೇಸಾಯ, ಆರೋಗ್ಯ, ಕುಟುಂಬ ಯೋಜನೆ ಎಂದು ಕಾರ್ಯಕ್ರಮ ಬರುತ್ತಿತ್ತು. ಜನ ಕೂತು ನೋಡುತ್ತಿದ್ದರು, ಆದರೆ ಮರುದಿನ ಬಾವಿಕಟ್ಟೆಯ ಮೇಲೆ ನಡೆಯುತ್ತಿದ್ದದ್ದು ಬೇಸಾಯದ ಚರ್ಚೆಯಲ್ಲ. ಗೊಬ್ಬರದ ಬಗ್ಗೆ ಹೇಳಿದವರು ಕನ್ನಡಕ ಸರಿಮಾಡಿಕೊಂಡ ರೀತಿಯನ್ನು ನಮ್ಮೂರಿನ ಕುರುಬರ ಹುಡುಗನೊಬ್ಬ ಮಾಡಿ ತೋರಿಸುತ್ತಿದ್ದ, ಅವನಿಗೆ ಕನ್ನಡಕವೇ ಇರಲಿಲ್ಲ. ಊರೆಲ್ಲ ಅದಕ್ಕೆ ನಗುತ್ತಿತ್ತು. ಅವನ ಮನೆಯಲ್ಲಿ ಏನು ಕಷ್ಟವಿತ್ತೋ, ಯಾರೂ ಕೇಳಿದವರಿಲ್ಲ, ನಾನೂ ಕೇಳಲಿಲ್ಲ.

ದೋಆಬಿನವ (ರಾಯಚೂರು)

ಮಾಸ್ತರರೇ, ವಿಷಯದಿಂದ ದೂರ ಹೋಗಲಿಲ್ಲ, ನಡುಮಧ್ಯಕ್ಕೇ ಬಂದಿರಿ. ನರಸಿಂಹರಾಜು ಅವರ ಬಗ್ಗೆ ನೀವು ಕೇಳಿದ ಪ್ರಶ್ನೆಯ ಮುಂದೆ ನನ್ನ ಮೊದಲ ಬರಹದ ಸಿಟ್ಟು ಸ್ವಲ್ಪ ಸಣ್ಣದಾಗಿ ಕಾಣುತ್ತಿದೆ. ತುಣುಕಾದರೂ ಉಳಿದಿದೆಯಲ್ಲ ಎಂದು ಅಂದುಕೊಳ್ಳುವಂತಾಯಿತು.

ನಮ್ಮ ಭಾಗಕ್ಕೆ ಸೇರಿದ ಇನ್ನೊಂದು ಎಳೆಯನ್ನು ಹೇಳಿ ನಿಲ್ಲಿಸುತ್ತೇನೆ. ಜಾನಿ ಲಿವರ್ ಅವರು ಹೈದರಾಬಾದಿನ ಹಳೆಯ ಪಟ್ಟಣದ ಯಾಕುತ್‌ಪುರದಲ್ಲಿ ಕೆಲಕಾಲ ಇದ್ದರು, ಅಲ್ಲಿಯೇ ಹಾಸ್ಯದ ಒಂದು ಬೇರೆ ಧಾಟಿಯನ್ನು ಕಲಿತರು. ರಾಯಚೂರು 1948ರವರೆಗೆ ನಿಜಾಮರ ಸೀಮೆಯಾಗಿತ್ತು, 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ನಮ್ಮ ತೀನ್ ಕಂದಿಲ್ ವೃತ್ತದಲ್ಲಿ ಹಣ್ಣಿನ ಬಂಡಿಯವನು ‘ಹೌ’, ‘ನಕ್ಕೋ’, ‘ಕೈಕು’ ಎನ್ನುವ ದಖ್ಖನಿ ಮಾತಿಗೆ ಆ ಓಣಿಯ ಮಾತಿನ ನಂಟಿದೆ. ಒಂದು ಸರಳ ‘ಬೇಡ’ವನ್ನು ‘ನಕ್ಕೋ’ ಎಂದು ಎಳೆದಾಗ ಅದರಲ್ಲಿ ಬೇಡಿಕೆ, ಮುನಿಸು, ಸೋಮಾರಿತನ ಮೂರೂ ಸೇರಿಕೊಳ್ಳುತ್ತವೆ. ಅವರ ಮಾತಿನ ಲಯದಲ್ಲಿ ನನಗೆ ಅದು ಕೇಳಿಸಿತು, ಅಮ್ಮನಿಗೆ ತೆಲುಗಿನ ಎಳೆತ ಕೇಳಿಸಿತು, ಅಕ್ಕನ ಮಗನಿಗೆ ಮುಂಬೈ ಕೇಳಿಸಿತು. ಇಷ್ಟು ಊರುಗಳು ಒಂದು ನಾಲಿಗೆಯ ಮೇಲೆ ಹೇಗೆ ಬಂದು ಕೂತವೆಂದು ಯಾರಾದರೂ ಅವರನ್ನು ಒಂದು ಪೂರ್ತಿ ಗಂಟೆ ಕೇಳಿದರೆ ನಾನು ಕೆಲಸ ಬಿಟ್ಟು ಕೂತು ನೋಡುತ್ತೇನೆ.

ಫಿಟ್ಟರ್ ಸರ್, ಒಂದು ಪ್ರಶ್ನೆ. ರಾತ್ರಿ ಪಾಳಿ ಮುಗಿದ ಮೇಲೆ ಆ ಹೆಲ್ಪರ್ ಮತ್ತೆ ಹಲಗೆ ಹತ್ತಿದನೇ?

ಸಿಂಧನೂರಿನವಳು

ಮಾಸ್ತರರ ಕೊನೆಯ ಸಾಲು ನನ್ನನ್ನು ಎರಡು ದಿನ ಬಿಡಲಿಲ್ಲ. ಮೊದಲ ಸಲ ಬರೆದಾಗ ನಾನು ಒಂದು ಸಂಗತಿಯನ್ನು ಬಿಟ್ಟಿದ್ದೆ. ನಮ್ಮ ಓಣಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ನಗಿಸುತ್ತಿದ್ದವರು ನನ್ನ ತಂದೆಯೇ. ಹಗಲುವೇಷದವರು ಊರಿಗೆ ಬಂದು ಹೋದ ಮೇಲೆ ಅವರ ಹಾರ್ಮೋನಿಯಂ, ತಬಲ, ಭೀಮನ ಗರ್ಜನೆ ಎಲ್ಲವನ್ನೂ ಬಾಯಿಂದಲೇ ಮಾಡಿ ತೋರಿಸುತ್ತಿದ್ದರು. ಎದುರುಮನೆಯ ಅಜ್ಜಿ ಎಲೆಅಡಿಕೆ ಚೀಲ ಹಿಡಿದು ನಮ್ಮ ಕಟ್ಟೆಗೆ ಬಂದು ಕೂರುತ್ತಿದ್ದಳು. ಕುಡಿದಾಗ ಅವರು ಏನನ್ನೂ ಮಾಡಿ ತೋರಿಸುತ್ತಿರಲಿಲ್ಲ. ನಗಿಸಿದ್ದೆಲ್ಲ ಕುಡಿಯದ ದಿನಗಳಲ್ಲಿ, ಹೆಚ್ಚಾಗಿ ಬೆಳಗಿನ ಹೊತ್ತು, ಹಲ್ಲುಜ್ಜಿ ಚಹಾ ಕುಡಿದ ಮೇಲೆ. ದೋಆಬಿನ ಅಣ್ಣನವರ ವಾದಕ್ಕೆ ಇದು ಒದಗುತ್ತದೋ ಇಲ್ಲವೋ ನನಗೆ ತಿಳಿಯದು. ಅವರು ತೀರಿಕೊಂಡು ಹನ್ನೊಂದು ವರ್ಷವಾಯಿತು. ಅವರ ಕುಡಿತದ ಬಗ್ಗೆ ನಮ್ಮ ಮನೆಯಲ್ಲಿ ಈಗ ಮಾತಾಡುತ್ತೇವೆ, ಆ ಬೆಳಗಿನ ತಬಲದ ಬಗ್ಗೆ ಮಾತಾಡಿದ್ದು ಇದೇ ಮೊದಲು. ನಿನ್ನೆ ಅವ್ವನಿಗೆ ಫೋನು ಮಾಡಿ ಕೇಳಿದೆ. ಅದನ್ನೆಲ್ಲ ಅವರಿಗೆ ಅವರ ಸೋದರಮಾವ ಕಲಿಸಿದ್ದಂತೆ. ನನಗೆ ಅದೂ ಗೊತ್ತಿರಲಿಲ್ಲ.

ಬಳ್ಳಾರಿ ಬಯಲು

ಅಕ್ಕಾ, ಪಳಗಿದ ಸತ್ಯ ಎಂದು ನಾನು ಬರೆದದ್ದು ನಿಮ್ಮ ಮಾತಿಗೆ ಹೊಂದುವುದಿಲ್ಲ. ಇಷ್ಟನ್ನು ಹೇಳಲೆಂದೇ ಮತ್ತೆ ಬಂದೆ.

ನಿವೃತ್ತ ಫಿಟ್ಟರ್

ದೋಆಬಿನವರ ಪ್ರಶ್ನೆಗೆ ಉತ್ತರ. ಹತ್ತಿದ. ಆದರೆ ಅಧಿಕಾರಿಗಳನ್ನು ಮತ್ತೆ ಮಾಡಲಿಲ್ಲ, ಸಿನಿಮಾ ನಟರನ್ನು ಮಾತ್ರ ಮಾಡುತ್ತಿದ್ದ. ಚಪ್ಪಾಳೆ ಬೀಳುತ್ತಿತ್ತು, ಆದರೆ ಬೀಡಿ ನೆಲಕ್ಕೆ ಬೀಳಲಿಲ್ಲ. ನಟರ ದನಿ ಕ್ಯಾಸೆಟ್ಟಿನಲ್ಲೂ ಸಿಗುತ್ತದೆ, ನಮ್ಮ ಸಾಹೇಬರ ಕೆಮ್ಮು ಅವನ ಹತ್ತಿರ ಮಾತ್ರ ಇತ್ತು.

ಇಲ್ಲಿ ಇಷ್ಟೆಲ್ಲ ಓದಿದ ಮೇಲೆ ತಡೆಯಲಾಗದೆ ನಿನ್ನೆ ಸಂಜೆ ಅವನಿಗೆ ಫೋನು ಮಾಡಿದೆ. ಈಗ ಲಿಂಗಸುಗೂರಿನ ಕಡೆ ಮಗನ ಮನೆಯಲ್ಲಿದ್ದಾನೆ, ಮೊಣಕಾಲು ನೋವು ಎಂದ. ಟಿ.ವಿ.ಯವರ ಹಾಗೆಯೇ ಕೇಳಿದೆ: ಆಗ ನಿನ್ನ ಮನಸ್ಸಿನಲ್ಲಿ ಏನು ನೋವಿತ್ತಪ್ಪಾ, ಅಷ್ಟು ಚೆನ್ನಾಗಿ ಮಾಡಿದೆಯಲ್ಲ? ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನೋವು ಗೀವು ಏನಿಲ್ಲಪಾ, ಆ ಕೆಮ್ಮು ಕೈಗೆ ಹತ್ತಾಕ ಮೂರು ವಾರ ಬೇಕಾತು’ ಎಂದ. ಕಂಪ್ರೆಸರ್ ಕೋಣೆಯಲ್ಲಿ ಸದ್ದು ಜೋರಾಗಿರುತ್ತದೆ, ಅಲ್ಲಿ ಎಷ್ಟು ಕೆಮ್ಮಿದರೂ ಹೊರಗೆ ಕೇಳಿಸುವುದಿಲ್ಲವೆಂದು ಊಟದ ಬಿಡುವಿನಲ್ಲಿ ದಿನಾಲೂ ಅಲ್ಲಿಗೆ ಹೋಗಿ ನಿಲ್ಲುತ್ತಿದ್ದನಂತೆ. ಮೊದಮೊದಲು ಅದು ಬರೀ ಕೆಮ್ಮಾಗುತ್ತಿತ್ತು, ಸಾಹೇಬರದಾಗುತ್ತಿರಲಿಲ್ಲ. ಬೆಲ್ಟು ಎಳೆದುಕೊಂಡ ಮೇಲೆ ಅಲ್ಲ, ಎಳೆದುಕೊಳ್ಳುವುದಕ್ಕೆ ಅರ್ಧ ಗಳಿಗೆ ಮುಂಚೆ ಕೆಮ್ಮಬೇಕೆಂದು ಮೂರನೆಯ ವಾರ ಹೊಳೆಯಿತಂತೆ. ಇದನ್ನು ಹೇಳುತ್ತ ಹೇಳುತ್ತ ಅವನು ಫೋನಿನಲ್ಲೇ ಒಮ್ಮೆ ಕೆಮ್ಮಿದ. ನಾನು ನಿವೃತ್ತನಾಗಿ ಒಂಬತ್ತು ವರ್ಷವಾಗಿದೆ, ಆ ಸಾಹೇಬರೂ ಈಗ ಇಲ್ಲ. ಆದರೂ ಚಹಾದ ಲೋಟವನ್ನು ಕೆಳಗಿಟ್ಟು ಕುರ್ಚಿಯಿಂದ ಎದ್ದು ನಿಂತಿದ್ದೆ.